ಮ್ಯೂನಿಕ್‌ನಲ್ಲಿರುವ ಮಗಳಿಗೆ, ಮೇ ತಿಂಗಳ ಸರ್ಟಿಫಿಕೇಟ್ ಬರುವ ಮುಂಚೆ

ಕೋಲಾರ

ಪ್ರೀತಿಯ ಮಗಳೇ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ ಪುಟ್ಟಿಯ ಶಾಲೆಯ ಹಾಳೆ ನೋಡಿದೆ. ಜರ್ಮನ್ 3, ಗಣಿತ 2, ಪರಿಸರ ಪಾಠ 3. ಅದರ ಕೆಳಗೆ ನೀನು ಬರೆದಿದ್ದನ್ನೂ ಓದಿದೆ. "ದೊಡ್ಡಮ್ಮ, ಇವಳ ಓದು ನಾಲ್ಕನೇ ಕ್ಲಾಸಿಗೇ ಮುಗಿದುಹೋಯಿತಾ?" ಇಂಥ ಮಾತಿಗೆ ಫೋನಿನಲ್ಲಿ ಉತ್ತರ ಕೊಟ್ಟರೆ ಅರ್ಧ ಕೇಳಿಸುತ್ತೆ, ಅರ್ಧ ಅಳುವಿನಲ್ಲಿ ಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ನಿನ್ನ ಗಂಡನಿಗೂ ಓದಿಸು.

ಮೊದಲು ಲೆಕ್ಕ ನೋಡೋಣ. ಅಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 6 ಅಂದರೆ ಎಲ್ಲಕ್ಕಿಂತ ಕಡಿಮೆ. ನಿಮ್ಮ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸಿನ ನಂತರ ಮಗು ಯಾವ ಬಗೆಯ ಶಾಲೆಗೆ ಹೋಗಬೇಕು ಅಂತ ತೀರ್ಮಾನಿಸಲು ಈ ಮೂರು ವಿಷಯ ಕೂಡಿಸಿ ಮೂರರಿಂದ ಭಾಗಿಸುತ್ತಾರೆ. ಸರಾಸರಿ 2.33ರ ಒಳಗಿದ್ದರೆ ಜಿಮ್ನಾಜಿಯಂ, ಅಂದರೆ ನೇರ ವಿಶ್ವವಿದ್ಯಾಲಯದ ಕಡೆಗೆ ಓದಿಸುವ ಶಾಲೆ. 2.66ರ ಒಳಗಿದ್ದರೆ ರಿಯಾಲ್‌ಶೂಲೆ, ಹತ್ತನೇ ತರಗತಿಯವರೆಗಿನ ಮಧ್ಯದ ಶಾಲೆ. ಅದಕ್ಕಿಂತ ಜಾಸ್ತಿ ಆದರೆ ಮಿಟೆಲ್‌ಶೂಲೆ, ಕೆಲಸ ಕಲಿಯುವ ಕಡೆಗೆ ಹೆಚ್ಚು ಒತ್ತು ಕೊಡುವ ಶಾಲೆ. ಪುಟ್ಟಿಯದು ಒಟ್ಟು 8, ಮೂರರಿಂದ ಭಾಗಿಸಿದರೆ 2.66. ಅಂದರೆ ಜರ್ಮನ್ನಿನಲ್ಲೋ ಪರಿಸರ ಪಾಠದಲ್ಲೋ 3 ಇದ್ದಿದ್ದು 2 ಆದರೆ ಸಾಕು, ಒಟ್ಟು 7, ಸರಾಸರಿ 2.33. ನೀನು ಅತ್ತಿದ್ದು ಇಷ್ಟೇ ಇಷ್ಟು ಅಂತರಕ್ಕೆ. ಅದೂ ಇದು ಜನವರಿಯಲ್ಲಿ ಕೊಡುವ ಮಾಹಿತಿ ಹಾಳೆ. ನಿಜವಾದ ಸರ್ಟಿಫಿಕೇಟ್ ಬರುವುದು ಮೇ ಮೊದಲಲ್ಲಿ.

ಮೇನಲ್ಲೂ ಇದೇ ಬಂದರೆ ದಾರಿ ಇಲ್ಲವೇ? ಇದೆ. ಜಿಮ್ನಾಜಿಯಂನಲ್ಲೇ ಮೂರು ದಿನದ ಪರೀಕ್ಷಾ ತರಗತಿಗೆ ಕೂರಬಹುದು, ಜರ್ಮನ್ ಮತ್ತು ಗಣಿತ ಮಾತ್ರ. ಒಂದರಲ್ಲಿ 3, ಇನ್ನೊಂದರಲ್ಲಿ 4 ಬಂದರೆ ಪಾಸು. ಎರಡರಲ್ಲೂ 4 ಬಂದರೂ ತಂದೆತಾಯಿ ಬೇಕು ಅಂದರೆ ಸೇರಿಸಿಕೊಳ್ಳುತ್ತಾರೆ. ಇನ್ನೊಂದು ವಿಷಯ. ಒಂದನೇ ತರಗತಿಯಿಂದ ಜರ್ಮನಿಯಲ್ಲಿ ಓದದ ಮಕ್ಕಳಿಗೆ ಅಲ್ಲಿ ಸ್ವಲ್ಪ ರಿಯಾಯಿತಿ ಇದೆ. ಪುಟ್ಟಿ ಎರಡನೇ ಕ್ಲಾಸಿನ ನಡುವೆ ಸೇರಿದವಳು ತಾನೆ? ಟೀಚರನ್ನು ನೇರವಾಗಿ ಕೇಳು. ನಾಚಿಕೊಳ್ಳಬೇಡ. ಕೇಳಿದ ತಾಯಿಯ ಮೇಲೆ ಯಾವ ಮೇಷ್ಟರೂ ಕೋಪ ಮಾಡಿಕೊಳ್ಳುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ಮಾತಿಗೆ ಬರುತ್ತೇನೆ. ನೀನು ಜಿಮ್ನಾಜಿಯಂಗೋಸ್ಕರ ಪುಟ್ಟಿಯನ್ನು ಈ ಮೂರು ತಿಂಗಳು ಹಿಂಡಬೇಡ. ರಿಯಾಲ್‌ಶೂಲೆ ಅಂದರೆ ನಿಮ್ಮ ಫ್ಯಾಮಿಲಿ ಗ್ರೂಪಿನವರು ಅಂದುಕೊಂಡಿರುವ ಹಾಗೆ ಕೆಳಗಿನ ಶಾಲೆ ಅಲ್ಲ. ಅದು ಏನು ಅಂತ ನೋಡು. ಐದರಿಂದ ಹತ್ತನೇ ತರಗತಿಯವರೆಗೆ ಓದು. ಹತ್ತರಲ್ಲಿ ಪಬ್ಲಿಕ್ ಪರೀಕ್ಷೆ. ಸಾಕಷ್ಟು ಒಳ್ಳೆಯ ಅಂಕದಲ್ಲಿ ಪಾಸಾದರೆ ಫಾಖ್‌ಓಬರ್‌ಶೂಲೆ ಅಂತ ಎರಡು ವರ್ಷ, ಅದರಲ್ಲಿ ತಾಂತ್ರಿಕ, ವಾಣಿಜ್ಯ, ಸಮಾಜ ಸೇವೆ ಅಂತೆಲ್ಲ ವಿಭಾಗ. ಹನ್ನೆರಡರ ಕೊನೆಗೆ ಇನ್ನೊಂದು ಪರೀಕ್ಷೆ. ಅಲ್ಲಿಂದ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗೋ ಕಂಪ್ಯೂಟರೋ ಓದಲು. ಈಗ ಹೇಳು, ಇದನ್ನು ನೀನು ಎಲ್ಲಿ ನೋಡಿದ್ದೀಯ? ಎಸ್ಸೆಸ್ಸೆಲ್ಸಿ, ಎರಡು ವರ್ಷ ಪಿಯುಸಿ, ಆಮೇಲೆ ಡಿಗ್ರಿ. ನೀನು ಕೋಲಾರದಿಂದ ಮ್ಯೂನಿಕ್‌ವರೆಗೆ ಹೋಗಿದ್ದು ಇದೇ ಆಕಾರದ ದಾರಿಯಲ್ಲಿ, ಅಲ್ವಾ? ನಿನ್ನ ಮಗಳಿಗೆ ಅದೇ ದಾರಿ ಸಿಕ್ಕಿದರೆ ಮನೆ ಮುಳುಗಿದ ಹಾಗೆ ಯಾಕೆ ಅಳಬೇಕು?

ವಯಸ್ಸಿನ ಲೆಕ್ಕವನ್ನೂ ಹಾಕು. ಬವೇರಿಯಾದ ಜಿಮ್ನಾಜಿಯಂ ಈಗ ಹದಿಮೂರನೇ ತರಗತಿಯವರೆಗೆ. ಅಲ್ಲಿ ಅಬಿಟೂರ್, ಅಂದರೆ ವಿಶ್ವವಿದ್ಯಾಲಯಕ್ಕೆ ದಾರಿ ಕೊಡುವ ಕೊನೆಯ ಪರೀಕ್ಷೆ, ಮುಗಿಸುವ ಮಕ್ಕಳಿಗೆ 19 ವರ್ಷ ಆಗಿರುತ್ತೆ. ರಿಯಾಲ್‌ಶೂಲೆ ಕಡೆಯಿಂದ ಹೋದವರು 18ಕ್ಕೇ ಕಾಲೇಜು ಸೇರಬಹುದು. ಇಲ್ಲ, ಹಳೆಯ ದೊಡ್ಡ ವಿಶ್ವವಿದ್ಯಾಲಯಕ್ಕೇ ಹೋಗಬೇಕು ಅಂದರೆ ಇನ್ನೊಂದು ವರ್ಷ ಓದಿ, ಹದಿಮೂರನೆಯದು ಮುಗಿಸಿ, ಅಬಿಟೂರ್ ತಗೋಬಹುದು. ಅದು ಎಲ್ಲ ವಿಷಯಕ್ಕೂ ನಡೆಯಬೇಕಾದರೆ ಎರಡನೇ ವಿದೇಶಿ ಭಾಷೆ ಕಲಿತಿರಬೇಕು, ಇದನ್ನು ಈಗಲೇ ನೆನಪಿಟ್ಟುಕೋ. ಹತ್ತನೇ ತರಗತಿ ಚೆನ್ನಾಗಿ ಪಾಸಾದವರು ಜಿಮ್ನಾಜಿಯಂಗೂ ದಾಟಬಹುದು, ಅಂಥವರಿಗಾಗಿ ಸೇತುವೆ ತರಗತಿ ಮಾಡಿದ್ದಾರೆ. ಐದನೇ ತರಗತಿಯ ಕೊನೆಗೂ ಅಂಕ ಇದ್ದರೆ ಶಾಲೆ ಬದಲಾಯಿಸಬಹುದು.

ಹಾಗಂತ ಹತ್ತು ವರ್ಷಕ್ಕೇ ಮಕ್ಕಳನ್ನು ಬೇರೆ ಬೇರೆ ಮಾಡುವುದು ಸರಿ ಅಂತ ನಾನು ಹೇಳುತ್ತಿಲ್ಲ. ನನಗೆ ಅದು ಒಪ್ಪಿಗೆ ಇಲ್ಲ. ಕೆಲವು ಮಕ್ಕಳು ಎಂಟನೇ ತರಗತಿಯವರೆಗೆ ಮಾತೇ ಆಡುವುದಿಲ್ಲ, ಒಂಬತ್ತರಲ್ಲಿ ಇದ್ದಕ್ಕಿದ್ದ ಹಾಗೆ ಎದ್ದು ನಿಲ್ಲುತ್ತಾರೆ. ಅದನ್ನು ಕಣ್ಣಾರೆ ನೋಡಿದ್ದೇನೆ. ಅದೇ ಜರ್ಮನಿಯಲ್ಲಿ ಬರ್ಲಿನ್ ಮತ್ತು ಬ್ರಾಂಡನ್‌ಬರ್ಗ್‌ನವರು ಆರನೇ ತರಗತಿಯವರೆಗೆ ಸಾಮಾನ್ಯವಾಗಿ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರೆ. ಫಿನ್ಲೆಂಡಿನಲ್ಲಿ ಏಳು ವರ್ಷಕ್ಕೆ ಶಾಲೆ ಶುರು, ಒಂಬತ್ತು ವರ್ಷ ಎಲ್ಲರೂ ಒಂದೇ ಶಾಲೆ. ಅದು ನನಗೆ ಇಷ್ಟ. ಆದರೆ ನೀನಿರುವುದು ಮ್ಯೂನಿಕ್‌ನಲ್ಲಿ.

ಕವಲು ಎಲ್ಲ ದೇಶದಲ್ಲೂ ಬರುತ್ತೆ ಮಗಳೇ. ಒಂದು ಕಡೆ ಬೇಗ, ಒಂದು ಕಡೆ ತಡ. ಕವಲು ಎಷ್ಟು ಬೇಗ ಬರುತ್ತೆ ಅಂತ ಮಾತ್ರ ನೋಡಬೇಡ. ಅದಾದ ಮೇಲೆ ತಿರುಗಿ ಬರಲು ಎಷ್ಟು ದಾರಿ ಇಟ್ಟಿದ್ದಾರೆ ಅಂತ ನೋಡು. ಈ ವಿಷಯದಲ್ಲಿ ನಮ್ಮ ಕಡೆಯದು ಬಹಳ ಬಿಗಿ.

ಬಂಗಾರಪೇಟೆ ಕಡೆಯ ಹಳ್ಳಿಯ ಒಬ್ಬ ಹುಡುಗಿ ನನ್ನ ಹತ್ತಿರ ಹತ್ತನೇ ತರಗತಿ ಓದಿದಳು. ರೇಖಾಗಣಿತದ ಪ್ರಮೇಯ ಬರೆಯಲು ಬೋರ್ಡಿಗೆ ಕರೆದರೆ ಸೀಮೆಸುಣ್ಣ ಹಿಡಿದು ಒಂದು ಗಳಿಗೆ ಸುಮ್ನೆ ನಿಲ್ಲುತ್ತಿದ್ದಳು. ಆಮೇಲೆ ಪುಸ್ತಕದಲ್ಲಿಲ್ಲದ ಕಡೆಯಿಂದ ಶುರು ಮಾಡಿ ಸರಿಯಾದ ಕಡೆಗೇ ಬಂದು ಮುಟ್ಟುತ್ತಿದ್ದಳು. ಎಸ್ಸೆಸ್ಸೆಲ್ಸಿ ಆಯಿತು. ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಇರಲಿಲ್ಲ. ಬೆಳಗ್ಗೆ ಬಸ್ಸು ಹತ್ತಿಸಿ ದೂರ ಕಳಿಸಲು ಮನೆಯವರು ಒಪ್ಪಲಿಲ್ಲ. ಆರ್ಟ್ಸ್ ತಗೊಂಡಳು. ಎರಡು ವರ್ಷ ಆದ ಮೇಲೆ ನನ್ನ ಮನೆಗೆ ಬಂದು, "ಮಿಸ್, ಈಗ ಎಂಜಿನಿಯರಿಂಗ್ ಸೇರಬಹುದಾ?" ಅಂತ ಕೇಳಿದಳು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇಲ್ಲದೆ ಆಗುವುದಿಲ್ಲ. ಮತ್ತೆ ಮೊದಲನೇ ಪಿಯುಸಿಯಿಂದ ಬರಬೇಕು. ಯಾರು ಕಳಿಸುತ್ತಾರೆ? ಹದಿನಾರು ವರ್ಷಕ್ಕೆ, ಒಂದು ಬಸ್ಸಿನ ಕಾರಣಕ್ಕೆ ಆದ ಕವಲು ಅದು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ನಮ್ಮಲ್ಲೂ ಒಂದು ಒಳ್ಳೆಯ ದಾರಿ ಇದೆ, ಡಿಪ್ಲೊಮಾ. ಹತ್ತು ಆದ ಮೇಲೆ ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿಇ. ಆದರೆ ಡಿಪ್ಲೊಮಾ ಅಂದ ಕೂಡಲೇ ನಮ್ಮ ಜನ ಮೂಗು ಮುರಿಯುತ್ತಾರೆ. ಐಟಿಐ ಅಂದರಂತೂ ಕೇಳಲೇಬೇಡ. ನರಸಾಪುರದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವ ಎಷ್ಟೋ ಮಕ್ಕಳು ಜಾಣರು, ಕೈಕೆಲಸದಲ್ಲಿ ಗಟ್ಟಿಗರು. ಅಲ್ಲಿಂದ ಮತ್ತೆ ಓದಿನ ಕಡೆಗೆ ಬರಲು ಅವರಿಗೆ ನಾವು ಇಟ್ಟಿರುವ ಮೆಟ್ಟಿಲು ಬಹಳ ಕಡಿಮೆ. ಜರ್ಮನಿಯಲ್ಲಿ ಆಸ್‌ಬಿಲ್ಡುಂಗ್ ಅಂತ ಇದೆಯಲ್ಲ, ಕಂಪನಿಯಲ್ಲಿ ಕೆಲಸ ಕಲಿಯುತ್ತಾ, ಸಂಬಳ ತಗೊಳ್ಳುತ್ತಾ, ಜೊತೆಗೆ ಶಾಲೆಗೂ ಹೋಗುವುದು. ಎರಡರಿಂದ ಮೂರೂವರೆ ವರ್ಷ. ಆಮೇಲೆ ಅನುಭವ ಪಡೆದು ಮೈಸ್ಟರ್, ಅಂದರೆ ಆ ಕಸುಬಿನ ಮೇಲ್ಮಟ್ಟದ ಪರೀಕ್ಷೆ ಪಾಸಾದರೆ, ಆ ದೇಶದ ಅರ್ಹತೆಯ ಪಟ್ಟಿಯಲ್ಲಿ ಅದು ಬ್ಯಾಚುಲರ್ ಡಿಗ್ರಿಯ ಮಟ್ಟದಲ್ಲೇ ನಿಲ್ಲುತ್ತೆ. ಅಬಿಟೂರ್ ಇಲ್ಲದಿದ್ದರೂ ವಿಶ್ವವಿದ್ಯಾಲಯ ಸೇರಬಹುದು. ಪುಟ್ಟಿ ಮುಂದೆ ಮರಗೆಲಸ ಇಷ್ಟ ಅಂದರೂ ನೀನು ಹೆದರಬೇಕಾಗಿಲ್ಲ. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ.

ಗ್ರೂಪಿನ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿರುವ ನಿನ್ನ ಅಣ್ಣನ ಮಗ ಐದನೇ ತರಗತಿ, ಅವನಿಗೆ ಯಾರೂ ಯಾವ ಶಾಲೆ ಅಂತ ಕೇಳಲಿಲ್ಲ ಅಂತ ನಿನಗೆ ಸಂಕಟ. ನಿಜ, ಅಲ್ಲಿ ಹನ್ನೆರಡರವರೆಗೂ ಹಾಗೇ ಹೋಗುತ್ತಾರೆ, ಡಿಗ್ರಿ ನಾಲ್ಕು ವರ್ಷ. ಆದರೆ ಡಾಕ್ಟರ್ ಆಗಬೇಕಾದರೆ ಸಾಮಾನ್ಯವಾಗಿ ಆ ನಾಲ್ಕು ವರ್ಷದ ಡಿಗ್ರಿ ಮುಗಿಸಿ ಇನ್ನೂ ನಾಲ್ಕು ವರ್ಷ ಮೆಡಿಕಲ್ ಓದಬೇಕು. ಖರ್ಚೂ ಹಾಗೇ ಬೆಳೆಯುತ್ತೆ. ನಮ್ಮಲ್ಲಿ ಸೆಕೆಂಡ್ ಪಿಯುಸಿ ಆಗಿ ನೇರ ಎಂಬಿಬಿಎಸ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಇಂಗ್ಲೆಂಡಿನಲ್ಲಿ ಹದಿನಾರಕ್ಕೆ ಜಿಸಿಎಸ್‌ಇ ಅನ್ನುವ ಪರೀಕ್ಷೆ, ಆಮೇಲೆ ನಮ್ಮ ಪಿಯುಸಿ ಥರದ ಎ ಲೆವೆಲ್, ಹೆಚ್ಚಿನವರು ಓದುವುದು ಮೂರೇ ವಿಷಯ. ಹದಿನಾರು ವರ್ಷಕ್ಕೆ ಬಾಕಿ ಎಲ್ಲ ವಿಷಯ ಬಿಟ್ಟುಬಿಡುವುದೂ ಒಂದು ಕವಲೇ. ಡಿಗ್ರಿ ಇಂಗ್ಲೆಂಡಿನಲ್ಲಿ ಮೂರು ವರ್ಷ, ಪಕ್ಕದ ಸ್ಕಾಟ್ಲೆಂಡಿನಲ್ಲಿ ನಾಲ್ಕು. ಒಂದೇ ರಾಜ್ಯಭಾರದೊಳಗೇ ಹೀಗೆ! ಹತ್ತು ವರ್ಷದ ಮೂರು ಮಕ್ಕಳನ್ನು ಮೂರು ದೇಶದಲ್ಲಿಟ್ಟು ಯಾರು ಮುಂದೆ ಯಾರು ಹಿಂದೆ ಅಂತ ಗ್ರೂಪಿನಲ್ಲಿ ಲೆಕ್ಕ ಹಾಕುವುದು ತಪ್ಪು. ನಿನಗೆ ಹೇಳಲು ಕಷ್ಟ ಆದರೆ ನಾನೇ ಹೇಳುತ್ತೇನೆ.

ಈ ಮೆಟ್ಟಿಲುಗಳೇನು ದೇವರು ಕಡೆದಿದ್ದಲ್ಲ. ನಮ್ಮ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನಲ್ಲಿ ಬಿಎ ಮುಗಿಸಿ, ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಇವತ್ತಿನ ಮಕ್ಕಳಿಗೆ ಬಿಎ ಆಗಿ ಎಂಜಿನಿಯರಿಂಗ್ ಅಂದರೆ ನಂಬುವುದಿಲ್ಲ. ಕರ್ನಾಟಕದಲ್ಲೇ 2021ರಲ್ಲಿ ಡಿಗ್ರಿಗೆ ನಾಲ್ಕನೇ ವರ್ಷ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ಬಂದರು. ಬವೇರಿಯಾದವರೂ ಜಿಮ್ನಾಜಿಯಂನ ಒಂಬತ್ತು ವರ್ಷವನ್ನು ಎಂಟು ಮಾಡಿ, ತಂದೆತಾಯಿ ಬೇಡ ಅಂದ ಮೇಲೆ ಮತ್ತೆ ಒಂಬತ್ತು ಮಾಡಿದ್ದಾರೆ. ಪುಟ್ಟಿಗೆ ಹದಿನಾರು ಆಗುವ ಹೊತ್ತಿಗೆ ಇನ್ನೇನು ಬದಲಾಗಿರುತ್ತೋ. ಇವತ್ತಿನ ನಿಯಮ ನೋಡಿ ಅವಳ ಇಪ್ಪತ್ತೈದನೇ ವಯಸ್ಸನ್ನು ಇವತ್ತೇ ತೀರ್ಮಾನ ಮಾಡಬೇಡ.

ಈಗ ಮಾಡಬೇಕಾದ್ದು. ಪುಟ್ಟಿಗೆ ಗಣಿತ ಬರುತ್ತೆ, ಕಮ್ಮಿ ಇರುವುದು ಜರ್ಮನ್. ಪರಿಸರ ಪಾಠದ 3 ಕೂಡ ಭಾಷೆಯಿಂದಲೇ ಬಂದಿರಬೇಕು ಅಂತ ನನ್ನ ಅನುಮಾನ, ಉತ್ತರ ಗೊತ್ತಿದ್ದೂ ವಾಕ್ಯ ಕಟ್ಟಲು ಆಗುತ್ತಿಲ್ಲ. ಟ್ಯೂಷನ್ ಬೇಡ. ವಾರಕ್ಕೆ ಒಂದು ಸಲ ಲೈಬ್ರರಿಗೆ ಕರ್ಕೊಂಡು ಹೋಗು, ಅವಳಿಗೆ ಬೇಕಾದ ಜರ್ಮನ್ ಪುಸ್ತಕ ಅವಳೇ ಆರಿಸಲಿ. ಕ್ಲಾಸಿನ ಮಕ್ಕಳನ್ನು ಮನೆಗೆ ಕರೆದು ಚಿತ್ರಾನ್ನ ಕೊಡು, ಆಡಲು ಬಿಡು. ಆಟದಲ್ಲಿ ಬರುವಷ್ಟು ಭಾಷೆ ಯಾವ ವರ್ಕ್‌ಬುಕ್ಕಿನಲ್ಲೂ ಬರುವುದಿಲ್ಲ. ಹಾಗಂತ ಮನೆಯಲ್ಲಿ ಕನ್ನಡ ನಿಲ್ಲಿಸಿ ಜರ್ಮನ್ ಶುರು ಮಾಡಬೇಡ, ನಿನ್ನ ಜರ್ಮನ್ ಕೇಳಿ ಅವಳಿಗೆ ಲಾಭ ಇಲ್ಲ. ನಿನ್ನ ಕನ್ನಡ ಬಿಟ್ಟರೆ ಅವಳಿಗೆ ಅಲ್ಲಿ ಇನ್ನೆಲ್ಲೂ ಕನ್ನಡ ಸಿಗುವುದಿಲ್ಲ.

ಶಾಲೆ ನೋಡಲು ಹೋಗುವಾಗ ಜಿಮ್ನಾಜಿಯಂ, ರಿಯಾಲ್‌ಶೂಲೆ ಎರಡಕ್ಕೂ ಪುಟ್ಟಿಯನ್ನು ಕರ್ಕೊಂಡು ಹೋಗು. ಎರಡೂ ಕಡೆ ಒಂದೇ ಮುಖ ಇಟ್ಟುಕೊಂಡು ನಡೆ. ಮಕ್ಕಳು ಶಾಲೆಯ ಗೋಡೆ ನೋಡುವುದಿಲ್ಲ, ಅಮ್ಮನ ಮುಖ ನೋಡುತ್ತಾರೆ. ಅವಳಿಗೆ ಯಾವುದು ಇಷ್ಟ ಆಯಿತು, ಯಾಕೆ, ಅಂತ ಕೇಳು. ಹತ್ತು ವರ್ಷದ ಮಗುವಿಗೂ ಒಂದು ಕಾರಣ ಇರುತ್ತೆ.

ಇನ್ನೊಂದು, ನೀವು ಯಾವಾಗಲಾದರೂ ವಾಪಸ್ ಬರಬಹುದು ಅಂತ ನಿನ್ನ ಗಂಡ ಹೇಳುತ್ತಿದ್ದ. ಹಾಗಿದ್ದರೆ ಪ್ರತಿ ವರ್ಷದ ಅಂಕಪಟ್ಟಿ, ವರ್ಗಾವಣೆ ಪತ್ರ ಎಲ್ಲ ಒಂದು ಫೈಲಿನಲ್ಲಿಡು. ಶಾಲೆಯ ಮುದ್ರೆ ಇರಲಿ, ಅಧಿಕೃತ ಇಂಗ್ಲಿಷ್ ಅನುವಾದವನ್ನೂ ಮಾಡಿಸಿಡು. ಕರ್ನಾಟಕಕ್ಕೆ ಬಂದರೆ ಶಾಲೆಯಲ್ಲಿ ಕನ್ನಡ ಕಲಿಯಲೇಬೇಕು, 2015ರ ಕಾಯ್ದೆ ಬಂದ ಮೇಲೆ ಅದು ಕಡ್ಡಾಯ. ಈಗಿನಿಂದಲೇ ಓದಲು ಬರೆಯಲು ಕಲಿಸಿದರೆ ಆಗ ತೊಂದರೆ ಆಗುವುದಿಲ್ಲ. ಶಾಲೆ ಪೂರ್ತಿ ಅಲ್ಲೇ ಮುಗಿಸಿ ಡಿಗ್ರಿಗೆ ಇಲ್ಲಿಗೆ ಬರುವುದಾದರೆ, ಅಲ್ಲಿನ ಓದು ಇಲ್ಲಿನದಕ್ಕೆ ಸಮ ಅನ್ನುವ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕೂ ಇದೇ ಹಾಳೆಗಳು ಬೇಕು. ಕನ್ನಡ ಕಾಪಿ ಪುಸ್ತಕ ಎರಡು ತೆಗೆದಿಟ್ಟಿದ್ದೇನೆ. ಮುಂದಿನ ತಿಂಗಳು ಬರುವವರ ಕೈಯಲ್ಲಿ ಕಳಿಸುತ್ತೇನೆ.

ಪುಟ್ಟಿಗೆ ಮುತ್ತು.

ನಿನ್ನ
ದೊಡ್ಡಮ್ಮ