ಉಪ್ಪಾಗೆ ಮಾತ್ರೆಯ ಬಗ್ಗೆ ಅತ್ತೆಯ ಪತ್ರ

ಶಿರಸಿ

ಚಿ. ಮಾನಸಾಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮು. ಎರಡು ದಿನದಿಂದ ಮಳೆ ಹೊಳವಾಗಿದೆ. ಅಡಿಕೆಗೆ ಕೊಳೆ ಔಷಧ ಹೊಡೆಯುವ ಗಡಿಬಿಡಿ.

ತೂಕ ಇಳಿಸುವ ಗಾರ್ಸಿನಿಯಾ ಕಂಬೋಜಿಯಾ ಮಾತ್ರೆ ಅಂತ ನೀನು ಕಳಿಸಿದ ಲಿಂಕನ್ನು ನಾಲ್ಕು ಸಲ ಓದಿದೆ. ಮೂರು ತಿಂಗಳಲ್ಲಿ ಹತ್ತು ಕಿಲೋ ಇಳಿಯುತ್ತದೆ, ಪೂರ್ತಿ ನೈಸರ್ಗಿಕ, ಅಡ್ಡಪರಿಣಾಮವೇ ಇಲ್ಲ ಅಂತ ಬರೆದಿದ್ದಾರೆ. ಡಬ್ಬಿ ತರಿಸಿಯೂ ಆಯಿತಂತೆ. ಒಡೆಯಬೇಡ ಅಂತ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಾರಣ ಹೇಳದೆ ಬೇಡ ಅಂದರೆ ನೀನು ಕೇಳುವವಳಲ್ಲ, ಕೇಳಲೂಬಾರದು.

ಆ ಗಾರ್ಸಿನಿಯಾ ಕಂಬೋಜಿಯಾ ಅಂದರೆ ಯಾವುದು ಗೊತ್ತಾ? ನಮ್ಮ ಬೆಟ್ಟದ ಉಪ್ಪಾಗೆ. ಚಿಕ್ಕವಳಿದ್ದಾಗ ಹಣ್ಣಿನ ಬೀಜ ಚೀಪಿ ಬಾಯೆಲ್ಲ ಹುಳಿ ಮಾಡಿಕೊಳ್ಳುತ್ತಿದ್ದೆಯಲ್ಲ, ಅದೇ. ಮಳೆಗಾಲದಲ್ಲಿ ಹಣ್ಣಾಗುವುದರಿಂದ ಬಿಸಿಲು ಸಿಗುವುದಿಲ್ಲ. ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸುತ್ತೇವೆ. ಬೀಜದಿಂದ ತುಪ್ಪ ತೆಗೆಯುತ್ತೇವೆ. ಆ ಪುಟ ಓದಿದಾಗ ನನಗೂ ಮೊದಲು ಹೆಮ್ಮೆಯೇ ಆಯಿತು. ನಮ್ಮ ಕಾಡಿನದು, ಹಾಳು ಮಾಡಲಿಕ್ಕಿಲ್ಲ ಅನ್ನಿಸಿತು. ನೀನೂ ಹಾಗೇ ಅಂದುಕೊಂಡಿರಬೇಕು. ಆದರೆ ಸಾರಿಗೆ ಹಾಕುವ ಎರಡು ಸಿಪ್ಪೆ ಬೇರೆ, ಅದರ ಆಮ್ಲವನ್ನು ಹಿಂಡಿ ತೆಗೆದು ದಿನಾ ನುಂಗುವ ಮಾತ್ರೆ ಬೇರೆ.

ಸಿಪ್ಪೆಯ ಆ ಆಮ್ಲ ದೇಹದಲ್ಲಿ ಸಕ್ಕರೆ ಕೊಬ್ಬಾಗುವುದನ್ನು ತಡೆಯುತ್ತದೆ ಅಂತ ಆ ಪುಟದಲ್ಲಿದೆ. ಅದು ಪೂರ್ತಿ ಸುಳ್ಳಲ್ಲ. ಇಲಿಗಳ ಮೇಲೆ ಹಾಗೆ ಕಂಡಿತ್ತು. ಮನುಷ್ಯರಲ್ಲಿ ಏನಾಯಿತು ಅನ್ನುವುದನ್ನು ಮಾತ್ರ ಅವರು ಬರೆದಿಲ್ಲ. 1998ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಯೋಗದ ವರದಿ ಬಂತು. ತೂಕ ಜಾಸ್ತಿ ಇದ್ದ 135 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಉಪ್ಪಾಗೆಯ ಸತ್ವ, ಇನ್ನೊಂದಕ್ಕೆ ಏನೂ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಊಟದ ಪಥ್ಯ ಇಬ್ಬರಿಗೂ ಒಂದೇ. 12 ವಾರದ ಮೇಲೆ ತೂಗಿದರೆ ಸತ್ವ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಸುಮ್ನೆ ಮಾತ್ರೆ ತಿಂದವರು 4.1 ಕಿಲೋ. ಆ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಲ್ಲ. ತೂಕ ಇಳಿಸಿದ್ದು ಪಥ್ಯ, ಮಾತ್ರೆಯಲ್ಲ. ಮೇಲಾಗಿ ಇಂಥ ಮಾತ್ರೆ ತಿಂದ ಕೆಲವರಿಗೆ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಅಪರೂಪ, ನಿಜ. ಆದರೆ ‘ಅಡ್ಡಪರಿಣಾಮವೇ ಇಲ್ಲ’ ಅಂತ ಬರೆದವರಿಗೆ ಇದು ಗೊತ್ತಿಲ್ಲದೆ ಇದ್ದೀತಾ?

ಅದಕ್ಕೇ ಇಂಥದ್ದನ್ನು ಓದುವಾಗ ಬರೆದದ್ದರ ಜೊತೆ ಬಿಟ್ಟದ್ದನ್ನೂ ಹುಡುಕು. ಇದು ಯಾರಿಗೆ ಕೆಲಸ ಮಾಡಲಿಲ್ಲ? ಯಾರು ತಿನ್ನಬಾರದು? ಬರೆದವರ ಹೆಸರು, ಓದು ಏನು? ನೀನು ಕಳಿಸಿದ ಪುಟದಲ್ಲಿ ಬರೆದವರ ಹೆಸರೇ ಇಲ್ಲ. ಕೆಳಗೆ ‘ಈಗಲೇ ಕೊಳ್ಳಿ’ ಅನ್ನುವ ಬಟನ್ ಮಾತ್ರ ಇದೆ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆ ಅಂದೆಯಲ್ಲ, ಆ 14 ಅಂಕಿ ಆಹಾರ ವ್ಯಾಪಾರದ ಲೈಸೆನ್ಸು. ತೂಕ ಇಳಿಯುತ್ತದೆ ಅಂತ ಯಾರೂ ಪರೀಕ್ಷೆ ಮಾಡಿ ಕೊಟ್ಟದ್ದಲ್ಲ. ಡಬ್ಬಿ ತಿರುಗಿಸಿ ನೋಡು, ಔಷಧವಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ ಇರಬೇಕು. ಹಾಗೆ ಬರೆಯಲೇಬೇಕು ಅಂತ ನಿಯಮವಿದೆ.

ನಿನ್ನ ಅಜ್ಜಿಯ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ಹೋದ ವರ್ಷ ಯಾವುದೋ ವಿಡಿಯೋ ನೋಡಿ ಮಧುನಾಶಿನಿ ಎಲೆ ಅಗಿಯಲು ಶುರುಮಾಡಿದ್ದಳು. ಎಲೆ ಅಗಿದ ಮೇಲೆ ಬೆಲ್ಲ ಬಾಯಿಗೆ ಹಾಕಿದರೆ ಮಣ್ಣು ತಿಂದ ಹಾಗಾಗುತ್ತದೆ. ಆ ಎಲೆ ನಾಲಿಗೆಯ ಸಿಹಿಯನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಅಷ್ಟೇ. ಅವಳು ಮೈಯಲ್ಲಿದ್ದ ಸಕ್ಕರೆಯೇ ಹೋಯಿತು ಅಂದುಕೊಂಡಳು. ಯಾರಿಗೂ ಹೇಳದೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಳು. ಹದಿನೈದು ದಿನಕ್ಕೆ ಅಂಗಳದಲ್ಲಿ ಕುಸಿದಳು. ಅವತ್ತು ಅವಳ ಕೈ ಹಿಡಿದು ಜೀಪಿನಲ್ಲಿ ಕೂತಿದ್ದು ನನಗೆ ಇನ್ನೂ ಮರೆತಿಲ್ಲ. ಸಕ್ಕರೆ ಕಾಯಿಲೆ, ಬೊಜ್ಜು, ಕ್ಯಾನ್ಸರ್ ಸೇರಿ 54 ಕಾಯಿಲೆಗಳಿಗೆ ‘ನಮ್ಮ ಔಷಧದಿಂದ ವಾಸಿ’ ಅಂತ ಜಾಹೀರಾತು ಕೊಡುವುದನ್ನೇ 1954ರ ಕೇಂದ್ರ ಕಾಯ್ದೆಯೊಂದು ನಿಷೇಧಿಸಿದೆ. ಅಂಥ ಮಾತು ಕೇಳಿದರೆ ಅಲ್ಲಿಗೇ ನಿಲ್ಲಿಸು.

ತಾರೀಕನ್ನೂ ನೋಡು. ನಮ್ಮ ಸಿದ್ದಾಪುರದ ಕಡೆ ಕಾಡುವ ಮಂಗನ ಕಾಯಿಲೆಯನ್ನೇ ತಗೋ. ಹಳೆಯ ಪುಟಗಳಲ್ಲಿ ಲಸಿಕೆ ಹಾಕಿಸಿಕೊಳ್ಳಿ ಅಂತ ಈಗಲೂ ಇದೆ. ಬರೆದಾಗ ಅದು ಸರಿಯೇ ಇತ್ತು. ಆ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದಾರೆ. ಈಗ ದರಕು, ಅಂದರೆ ಒಣ ಎಲೆ ತರಲು ಬೆಟ್ಟಕ್ಕೆ ಹೋಗುವಾಗ ಆ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತೇವೆ.

ಏನನ್ನೂ ಓದಬೇಡ ಅಂತ ನಾನು ಹೇಳುತ್ತಿಲ್ಲ. ನಿನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಪಬ್‌ಮೆಡ್ ಅಂತ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದೊಂದು ತಾಣವಿದೆ. ದುಡ್ಡು ಕೊಡಬೇಕಿಲ್ಲ. ಅಲ್ಲಿ ಉಪ್ಪಾಗೆಯ ಆ ವೈಜ್ಞಾನಿಕ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ನೀನೇ ಹುಡುಕು. ನಾನು ಹೇಳಿದ್ದೂ ಸರಿಯಾ ಅಂತ ನೋಡು.

ಇನ್ನೊಂದು ಮಾತು. ತೂಕ ಏರುತ್ತಿದೆ, ಕೂದಲು ಉದುರುತ್ತಿದೆ, ಸದಾ ಸುಸ್ತು ಅಂದೆಯಲ್ಲ, ನನಗೆ ಚಿಂತೆಯಾಗಿದ್ದು ಅದಕ್ಕೇ. ಥೈರಾಯ್ಡ್ ಕಡಿಮೆಯಾದರೂ ಹೀಗೇ ಆಗುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಈ ವಾರವೇ ಡಾಕ್ಟರ ಹತ್ತಿರ ಹೋಗು. ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗು. ಅವರು ಏನಂದರು ಅಂತ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಎಚ್ಚರ ಇರುತ್ತೇನೆ.

ನಿನ್ನ ಅತ್ತೆ