ಅಟ್ಟದ ಕ್ಯಾಸೆಟ್ಟುಗಳ ಬಗ್ಗೆ, ಸಿರಾದ ಗೆಳೆಯನಿಗೆ

ಪ್ರೀತಿಯ ಮಂಜ,

ಅಟ್ಟದಿಂದ ಇಳಿಸಿದ ಕ್ಯಾಸೆಟ್ಟು ಯಾವುದನ್ನೂ ಇನ್ನೂ ವಿಸಿಆರ್‌ಗೆ (ವಿಡಿಯೋ ಕ್ಯಾಸೆಟ್ ಓಡಿಸೋ ಯಂತ್ರ) ತುರುಕಬೇಡ. ಆ ಹಳೇ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರ್ ಫೈಲಾಗಿ ಮಾಡಿಡೋಕೆ ಕಂಪ್ಯೂಟರ್ ಯಾವುದು, ಸಾಫ್ಟ್‌ವೇರ್ ಯಾವುದು ಅಂತ ಕೇಳಿದ್ದೀಯ. ಅದೆಲ್ಲ ಆಮೇಲಿನ ಮಾತು. ಚಿತ್ರ ಎಷ್ಟು ಚೆನ್ನಾಗಿ ಬರುತ್ತೆ ಅನ್ನೋದನ್ನ ಮುಕ್ಕಾಲು ಪಾಲು ತೀರ್ಮಾನಿಸೋದು ಟೇಪು ಮತ್ತು ವಿಸಿಆರ್.

ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ಸುರುಳಿಯ ಅಂಚು ನೋಡು. ಬಿಳಿ ಪುಡಿಯೋ ಬಲೆಯೋ ಕಂಡರೆ ಅದು ಬೂಷ್ಟು. ಅಂಥದ್ದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೇರೆ ಇಡು. ಒಂದು ಸಲ ಓಡಿಸಿದರೆ ಸಾಕು, ವಿಸಿಆರ್ ಒಳಗಿನ ಹೆಡ್ಡಿಗೆ (ಟೇಪು ಓದೋ ಭಾಗ) ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತೆ. ಚೆನ್ನಾಗಿರೋದನ್ನು ಒಂದು ದಿನ ಕೋಣೆಯಲ್ಲೇ ಬಿಟ್ಟು, ಹಿಂಬದಿ ಅಂಚಿನ ಚಿಕ್ಕ ಪ್ಲಾಸ್ಟಿಕ್ ನಾಲಿಗೆ ಮುರಿದುಬಿಡು. ಆಗ ಕೈತಪ್ಪಿ ಮೇಲೆ ರೆಕಾರ್ಡ್ ಆಗಲ್ಲ. ಆಮೇಲೆ ಕೊನೆತನಕ ಓಡಿಸಿ ವಾಪಸ್ ಸುತ್ತು. ಕಿರುಗುಟ್ಟಿದರೆ ನಿಲ್ಲಿಸು, ಬಲವಂತ ಬೇಡ.

ಹೊಸ ವಿಸಿಆರ್ ಸಿಗಲ್ಲ. ಕೊನೆಯದಾಗಿ ಅದನ್ನು ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ತಯಾರಿಕೆ ನಿಲ್ಲಿಸಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಊರಲ್ಲಿ ಯಾರ ಮನೆಯಲ್ಲೋ ಹಳೇದು ಹುಡುಕು. ಹೋಗುವಾಗ ಕಳಕೊಂಡರೂ ಬೇಜಾರಾಗದ ಒಂದು ಹಳೇ ಸಿನಿಮಾ ಕ್ಯಾಸೆಟ್ ಜೊತೆಗಿರಲಿ. ಟೇಪು ಜಗಿಯೋ ವಿಸಿಆರ್ ಆದರೆ ಅಂಗಡಿಯಲ್ಲೇ ಗೊತ್ತಾಗುತ್ತೆ.

ಚಿತ್ರದ ತುಂಬ ಚುಕ್ಕಿ ಮಳೆ ಬಂದರೆ ಹೆಡ್ಡು ಕೊಳೆಯಾಗಿದೆ ಅಂತ ಅರ್ಥ. ವೈರ್ ಕಿತ್ತು ಮೇಲಿನ ಮುಚ್ಚಳ ತೆಗೆ. ಬಿಳಿ ಕಾಗದದ ತುಂಡಿಗೆ 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ (ಮೆಡಿಕಲ್ ಸ್ಟೋರಿನ ಸ್ಪಿರಿಟ್ ಬೇಡ, ಅದರಲ್ಲಿ ನೀರಿರುತ್ತೆ) ಹೆಡ್ಡು ಕೂತಿರೋ ಹೊಳೆಯೋ ಡ್ರಮ್ಮಿಗೆ (ತಿರುಗೋ ಉರುಳೆ) ಮೆಲ್ಲಗೆ ಒತ್ತಿ ಹಿಡಿ. ಕಾಗದ ಅಲ್ಲಾಡಬಾರದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ಮೇಲಿಂದ ಹಿಡಿದು ತಿರುಗಿಸು. ಕಪ್ಪು ಗೆರೆ ಕಾಗದಕ್ಕೆ ಬರುತ್ತೆ. ಮೇಲೆ ಕೆಳಗೆ ಉಜ್ಜಿದೆಯೋ, ಹೆಡ್ಡಿನ ಚೂರು ಕಿತ್ತುಬರುತ್ತೆ, ವಿಸಿಆರ್ ಕತೆ ಅಲ್ಲಿಗೆ ಮುಗೀತು. ಹತ್ತಿಯ ಕಡ್ಡಿಯನ್ನಂತೂ ಡ್ರಮ್ಮಿಗೆ ಮುಟ್ಟಿಸಬೇಡ, ನೂಲು ಸಿಕ್ಕಿಕೊಳ್ಳುತ್ತೆ. ಧ್ವನಿ ಓದೋ ಆಡಿಯೋ ಹೆಡ್ಡಿಗಾದರೆ ಪರವಾಗಿಲ್ಲ.

ವಿಸಿಆರ್‌ನಿಂದ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ (ವಿಸಿಆರ್ ಚಿತ್ರವನ್ನು ಕಂಪ್ಯೂಟರಿಗೆ ದಾಟಿಸೋದು) ಹಳದಿ, ಬಿಳಿ, ಕೆಂಪು ವೈರ್. ಚಿತ್ರದ ಮೇಲ್ಭಾಗ ಬಾಗಿದರೆ, ಗೋಡೆ ಅಂಚು ನಡುಗಿದರೆ ಮಧ್ಯದಲ್ಲಿ ಒಂದು ಹಳೇ ಡಿವಿಡಿ ರೆಕಾರ್ಡರ್ ಹಾಕು. ಪ್ಯಾನಾಸೋನಿಕ್‌ನ ಇಎಸ್10, ಇಎಸ್15 ಈ ಕೆಲಸಕ್ಕೇ ಹೆಸರುವಾಸಿ. ರೆಕಾರ್ಡ್ ಮಾಡಲಿಕ್ಕಲ್ಲ, ಸಿಗ್ನಲ್ ಅದರೊಳಗೆ ಹಾದುಹೋದರೆ ಗೆರೆಗಳು ನೆಟ್ಟಗಾಗುತ್ತವೆ.

ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಲು ವರ್ಚುವಲ್‌ಡಬ್ ಅನ್ನೋ ಸಾಫ್ಟ್‌ವೇರ್ ಸಾಕು. ನಮ್ಮ ದೇಶದ ವಿಡಿಯೋ ಪದ್ಧತಿ ಪಾಲ್, ಹಾಗಾಗಿ 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್ (ಒಂದು ಫ್ರೇಮಿನ ಬೆಸ ಗೆರೆ, ಸಮ ಗೆರೆ ಎರಡು ಬೇರೆ ಫೀಲ್ಡಾಗಿರೋದು) ಆಗಿಯೇ ಇರಲಿ. ಒಬಿಎಸ್ ಅನ್ನೋ ಸಾಫ್ಟ್‌ವೇರಿನಲ್ಲಿ 1080, 30 ಫ್ರೇಮ್ ಅಂತ ಇಟ್ಟು ಹಿಡಿಯೋರನ್ನ ಯೂಟ್ಯೂಬಿನಲ್ಲಿ ನೋಡಿರ್ತೀಯ. ಅದರಲ್ಲಿ ಎರಡು ಫೀಲ್ಡು ಕಲಸಿಹೋದರೆ ಮತ್ತೆ ಬಿಡಿಸೋಕಾಗಲ್ಲ. ಮದುವೆ ಕ್ಯಾಸೆಟ್ಟಿನಲ್ಲಿ ಇನ್ನೊಂದು ತೊಂದರೆ: ವಿಡಿಯೋ ಲೈಟಿಗೆ ಮದುಮಗನ ಬಿಳಿ ಪಂಚೆಯ ಜರಿ ಅಂಚೆಲ್ಲ ಸುಣ್ಣ ಬಳಿದಂತೆ ಕಾಣುತ್ತೆ. ಹಿಸ್ಟೋಗ್ರಾಮ್ (ಕಪ್ಪಿಂದ ಬಿಳಿವರೆಗೆ ಬೆಳಕಿನ ಹಂಚಿಕೆ ತೋರಿಸೋ ನಕ್ಷೆ, 0ಯಿಂದ 255) ತೆರೆದು, ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇಳಿಸಿ, ಬಿಳಿ 235ರ ಒಳಗೆ ನಿಂತ ಮೇಲೇ ಶುರು ಮಾಡು. ಕ್ಯಾಪ್ಚರ್‌ನಲ್ಲಿ ಸುಟ್ಟ ಬಿಳಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ತರಲ್ಲ.

ಹಫ್‌ಯುವಿ ಕೋಡೆಕ್‌ನಲ್ಲಿ (ಗುಣಮಟ್ಟ ಕಳೆಯದೆ ವಿಡಿಯೋ ಅಡಕ ಮಾಡೋ ವಿಧಾನ) ಗಂಟೆಗೆ ಸುಮಾರು 30 ಜಿಬಿ ಬೇಕು, ಅಂದರೆ ಮೂರು ಗಂಟೆಯ ಕ್ಯಾಸೆಟ್ಟಿಗೆ 90. ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಲಿ, ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ. ಡಬ್ಬಿಯನ್ನು ಹಬ್‌ಗೆ ಸಿಕ್ಕಿಸದೆ ನೇರ ಲ್ಯಾಪ್‌ಟಾಪಿಗೆ ಹಾಕು. ಡ್ರಾಪ್ಡ್ ಫ್ರೇಮ್ (ಬಿಟ್ಟುಹೋದ ಫ್ರೇಮ್) ಲೆಕ್ಕ ಏರುತ್ತಿದ್ದರೆ ತುಟಿಯೂ ಮಾತೂ ಬೇರೆಬೇರೆಯಾಗುತ್ತೆ, ನಿಲ್ಲಿಸಿ ಮೊದಲಿಂದ ಮಾಡು. ಕರೆಂಟ್ ಹೋಗುವ ಊರು ನಿಮ್ಮದು. ವಿಸಿಆರ್, ರೆಕಾರ್ಡರ್ ಎರಡೂ ಯುಪಿಎಸ್ ಮೇಲಿರಲಿ. ಚಿತ್ರದ ತಳದಲ್ಲಿ ಚೂರು ಹರಿದಂತೆ ಕಾಣೋ ಪಟ್ಟಿ ದೋಷವಲ್ಲ, ಹಳೇ ಟಿವಿಗಳಲ್ಲಿ ಅದು ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು. ಮೂಲ ಫೈಲಿನಲ್ಲಿ ಕತ್ತರಿಸಬೇಡ.

ಮನೆಯವರಿಗೆ ಕೊಡೋ ಕಾಪಿ ಬೇರೆಯೇ. ಫೀಲ್ಡುಗಳನ್ನು ಕ್ಯೂಟಿಜಿಎಂಸಿ ಅನ್ನೋ ಫಿಲ್ಟರಿನಲ್ಲಿ ಸೆಕೆಂಡಿಗೆ 50 ಫ್ರೇಮಾಗಿ ಬಿಡಿಸು (25ಕ್ಕೆ ಇಳಿಸಿದರೆ ಜಾತ್ರೆ ಕುಣಿತದ ಓಟವೇ ಹೋಗುತ್ತೆ), 768×576ಕ್ಕೆ ತಂದು ಎಚ್.264 ಕೋಡೆಕ್‌ನಲ್ಲಿ, ಸಿಆರ್‌ಎಫ್ (ಗುಣಮಟ್ಟದ ಅಳತೆ) 18ರಲ್ಲಿ ಇಡು. ಅದನ್ನು ಹಿರಿಯರಿಗೆ ಟಿವಿಯಲ್ಲಿ ಹಾಕಿ ತೋರಿಸು. ಎಷ್ಟನೇ ನಿಮಿಷದಲ್ಲಿ ಯಾರಿದ್ದಾರೆ ಅಂತ ಅವರು ಹೇಳಿದ್ದನ್ನು ಒಂದು ಟೆಕ್ಸ್ಟ್ ಫೈಲಿಗೆ ಬರೆದುಕೋ. ಅಮೆರಿಕದಿಂದ ನಿಮ್ಮ ಮಾವ ಕಳಿಸಿದ ಕ್ಯಾಸೆಟ್ ಎನ್‌ಟಿಎಸ್‌ಸಿ (ಅಲ್ಲಿನ ವಿಡಿಯೋ ಪದ್ಧತಿ) ಇರಬಹುದು. ಅದಕ್ಕೆ 720×480, 29.97, ವಿಸಿಆರ್ ಕೂಡ ಅದನ್ನು ಓಡಿಸುವಂಥದ್ದಾಗಿರಬೇಕು.

ಮೂಲ ಫೈಲನ್ನು ಎಫ್‌ಎಫ್‌ವಿ1 ಕೋಡೆಕ್‌ಗೆ ಬದಲಿಸಿದರೆ ಗುಣಮಟ್ಟ ಕಳೆಯದೆ ಜಾಗ ಸ್ವಲ್ಪ ಉಳಿಯುತ್ತೆ. ಪ್ರತಿಯೊಂದಕ್ಕೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು ಪಕ್ಕದಲ್ಲೇ ಇಡು, ವರ್ಷಕ್ಕೊಮ್ಮೆ ತಾಳೆ ನೋಡು. ಎರಡು ಡಿಸ್ಕ್ ತಗೋ. ಒಂದು ಸಿರಾದಲ್ಲಿರಲಿ, ಇನ್ನೊಂದನ್ನು ತುಮಕೂರಿಗೆ ಬಂದಾಗ ನಿಮ್ಮಕ್ಕನ ಮನೆಯಲ್ಲಿ ಇಟ್ಟು ಹೋಗು.

ಇಂತಿ ನಿನ್ನ,
ಗೋಪಿ
ತುಮಕೂರು