ಕೋತಿಗಳ ಮೇಲಿನ ಪ್ರಯೋಗ: ಇಲಿ ಸಾಲದೇ?

ಮಾನ್ಯ ಸಂಪಾದಕರೇ,

ಕೋತಿಗಳ ಮೇಲೆ ಪ್ರಯೋಗ ಯಾಕೆ, ಇಲಿ ಸಾಲದೇ ಎಂದು ಹಲವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಆದರೆ ಹಾಳಾದ ಅಂಗವನ್ನು ಸ್ಟೆಮ್ ಸೆಲ್‌ಗಳಿಂದ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಿಂದ) ಸರಿಪಡಿಸುವ ಚಿಕಿತ್ಸೆಯಲ್ಲಿ ಎಷ್ಟೋ ಸಲ ಇಲಿ ಸಾಲುವುದಿಲ್ಲ.

ಹೃದಯವನ್ನೇ ನೋಡಿ. 2014ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಮರಿ ಅವರ ತಂಡ ಸ್ಟೆಮ್ ಸೆಲ್‌ಗಳಿಂದ ಬೆಳೆಸಿದ ಸುಮಾರು ನೂರು ಕೋಟಿ ಮಾನವ ಹೃದಯಕೋಶಗಳನ್ನು ಮಕಾಕ್ ಕೋತಿಗಳ ಗಾಯಗೊಂಡ ಹೃದಯಕ್ಕೆ ಸೇರಿಸಿತು. ಕೋಶಗಳು ಬದುಕಿದವು, ಕೋತಿಯ ಹೃದಯದ ಜೊತೆ ಒಂದೇ ತಾಳದಲ್ಲಿ ಮಿಡಿದವು. ಆದರೆ ಹೃದಯಬಡಿತ ಆಗಾಗ ಲಯ ತಪ್ಪತೊಡಗಿತು. ಇಲಿಗಳಲ್ಲಿ ಈ ತೊಂದರೆ ಕಂಡಿರಲಿಲ್ಲ. ಇಲಿಯ ಹೃದಯ ನಿಮಿಷಕ್ಕೆ 500-600 ಸಲ ಬಡಿಯುತ್ತದೆ. ಆ ವೇಗದಲ್ಲಿ ಹೊಸ ಕೋಶಗಳ ತಪ್ಪು ಬಡಿತ ಮುಚ್ಚಿಹೋಗುತ್ತದೆ. ಇಲಿಯನ್ನೇ ನಂಬಿ ನೇರ ರೋಗಿಗೆ ಕೊಟ್ಟಿದ್ದರೆ?

ಕೈಕಾಲು ನಡುಗಿಸುವ ಮಿದುಳಿನ ಕಾಯಿಲೆ ಪಾರ್ಕಿನ್ಸನ್‌ಗೂ ಹಾಗೇ. ಜಪಾನಿನ ಕ್ಯೋಟೊ ಸಂಶೋಧಕರು ಕೋತಿಗಳ ಮಿದುಳಿಗೆ ಸ್ಟೆಮ್ ಸೆಲ್‌ಗಳಿಂದ ಬೆಳೆಸಿದ ಕೋಶ ಸೇರಿಸಿ ಎರಡು ವರ್ಷದವರೆಗೂ ಗಮನಿಸಿದರು. ಗೆಡ್ಡೆ ಬೆಳೆಯಲಿಲ್ಲ ಎಂದು 2017ರಲ್ಲಿ ವರದಿ ಮಾಡಿದ ಮೇಲೆ, 2018ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು.

ಹಾಗಂತ ಬೇಕಾದಷ್ಟು ಕೋತಿಗಳನ್ನು ಬಳಸಿ ಅಂತ ನಾನು ಹೇಳುತ್ತಿಲ್ಲ. ಅವು ಗುಂಪಿನಲ್ಲಿ ಬದುಕುವ ಜೀವಗಳು. ಒಂಟಿ ಪಂಜರದಲ್ಲಿಟ್ಟರೆ ತಮ್ಮ ಕೂದಲನ್ನೇ ಕಿತ್ತುಕೊಳ್ಳುತ್ತವೆ, ಮೈ ಕಚ್ಚಿಕೊಳ್ಳುತ್ತವೆ. ಅವುಗಳಿಗೆ ಜೊತೆ ಬೇಕು. ಲ್ಯಾಬ್‌ನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲೇ ಉತ್ತರ ಸಿಗುವ ಪ್ರಶ್ನೆಗೆ ಕೋತಿಯನ್ನು ಮುಟ್ಟಲೇಬಾರದು. ಸೋತ ಪ್ರಯೋಗಗಳ ವಿವರವನ್ನೂ ಕಡ್ಡಾಯವಾಗಿ ಪ್ರಕಟಿಸಬೇಕು. ಇಲ್ಲದಿದ್ದರೆ ಅದೇ ತಪ್ಪಿಗೆ ಇನ್ನೊಂದು ಲ್ಯಾಬ್‌ನಲ್ಲಿ ಮತ್ತಷ್ಟು ಕೋತಿಗಳು ಸುಮ್ನೆ ಸಾಯುತ್ತವೆ, ಅಲ್ವಾ?

– ಒಬ್ಬ ಓದುಗ